ಎರಡೂ ಕಡೆ ನೀಲಿ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ, ರೈಲಿನಲ್ಲಿ

ಬಂಗಾರಪೇಟೆ ಬಿಟ್ಟಾಯಿತು. ಕಿಟಕಿ ಪಕ್ಕ ಜಾಗ. ಮನೆ ಬಿಡುವಾಗ, ಡೈರಿಗೆ ಹಾಲು ಹಾಕಿ ಬಂದ ಅಮ್ಮ ನನ್ನ ಚೀಲದಲ್ಲಿ ಮತ್ತೊಂದು ಹತ್ತು ರೂಪಾಯಿಯ ಹೋರಾಟದ ಪುಸ್ತಿಕೆ ನೋಡಿದಳು.

"ಇವನ್ನ ಓದಿ ಓದಿ ಯಾರ್ ಮ್ಯಾಲೆ ಯುದ್ಧಕ್ಕೋಗ್ತೀಯೆ?"

ಎಲ್ಲರಿಗೂ ಸಮನಾದ ಶಿಕ್ಷಣ ಸಿಗುವವರೆಗೆ ಎಲ್ಲರ ಮೇಲೂ, ಅಂದೆ.

"ಓಗುವಂತೆ. ಮೊದ್ಲು ಮುದ್ದೆ ತಿನ್ನು."

ತಿಂದೆ.

ಅದೇ ದಿನ, ಸಂಜೆ

ಕಾಲೇಜಿನ ಪ್ರಿನ್ಸಿಪಾಲ್ ಕಲ್ಪನ ಮೇಡಂ ಕರೆಸಿದ್ದರು. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನನ್ನನ್ನೂ, ನನ್ನ ಮೇಲಧಿಕಾರಿ ವೇಣುಗೋಪಾಲ್ ಸಾರನ್ನೂ. ಇಪ್ಪತ್ತನೇ ತಾರೀಖು ಹುಡುಗಿಯರ ಕಂಪ್ಯೂಟರ್ ಡಿಪ್ಲೊಮಾದ ಆನ್‌ಲೈನ್ ಪರೀಕ್ಷೆ. ಅಷ್ಟರೊಳಗೆ ಚಾಂಪಿಯನ್ ರೀಫ್ಸ್ ಶಾಖೆಗೆ ನೆಟ್‌ವರ್ಕ್ ಬರಬೇಕು. ಬಾರದಿದ್ದರೆ, ನಮ್ಮ ದೊಡ್ಡ ಕ್ಯಾಂಪಸ್ಸಿನಲ್ಲಿ ಲ್ಯಾಬ್ ಖಾಲಿ ಇಲ್ಲದ್ದರಿಂದ, ಪರೀಕ್ಷೆ ಬಂಗಾರಪೇಟೆಗೆ. ಮುಂದಿನ ವರ್ಷದಿಂದ ಕೋರ್ಸೂ ಅಲ್ಲಿಗೇ.

ಶಾಖೆ ಎಂದರೆ ಚಿನ್ನದ ಗಣಿ ಕಾಲದ ಸ್ಟೋರ್ ಕಟ್ಟಡ. ಗೋಡೆ ಮಾತ್ರ ಕೋಟೆಯಂತಿದೆ. ಉಳಿದದ್ದೆಲ್ಲ ಆಂಡರ್ಸನ್‌ಪೇಟೆಯ ದೊಡ್ಡ ಕ್ಯಾಂಪಸ್ ಬಳಸಿ ಬಿಟ್ಟದ್ದು. ಬೆಂಚು, ಫ್ಯಾನು, ಕಂಪ್ಯೂಟರು, ಕೊನೆಗೆ ಡಸ್ಟರ್ ಕೂಡ.

ಲಿಖಿತಳಿಗೆ ವಿಷಯ ಹೇಳಿದೆ. ತರಗತಿಯಲ್ಲಿ ಎಲ್ಲರಿಗಿಂತ ಚುರುಕು ಅವಳು. ಮುಖ ಇಳಿಯಿತು.

"ಬಂಗಾರಪೇಟೆಗೆ ನಾನು ಬರಕ್ಕಾಗಲ್ಲ ಅಕ್ಕ. ಅಮ್ಮ ಫ್ಯಾಕ್ಟರಿಗೋದ್ರೆ ಅಜ್ಜಿ ಒಬ್ಳೇ. ಇಲ್ಲೇ ಆದ್ರೆ ಬೆಲ್ ಒಡೆದ್ಮೇಲೂ ಮನೆಯಿಂದ ಓಡಿ ಬರ್ತೀನಿ."

ಕೋರ್ಸು ಎಲ್ಲಿಗೂ ಹೋಗುವುದಿಲ್ಲ. ಅವಳ ಕೈ ಹಿಡಿದು ಮಾತು ಕೊಟ್ಟೆ!

ಫೆಬ್ರವರಿ 4, ಮಂಗಳವಾರ

ಎರಡು ಕ್ಯಾಂಪಸ್ ನಡುವೆ ಸುಮಾರು ಎರಡು ಕಿಲೋಮೀಟರ್. ಮಾಮೂಲಿ ನೆಟ್‌ವರ್ಕ್ ತಂತಿ ನೂರು ಮೀಟರಿಗೇ ಸುಸ್ತು. ನೆಲದಡಿ ಗಾಜಿನೆಳೆಗಳ ಹಳೆಯ ಫೈಬರ್ ಕೇಬಲ್ ಇದೆ. ಆದರೆ ಚರಂಡಿ ಅಗೆದವರು ಕಡಿದು ಹಾಕಿ, ಉಳಿದಿರುವುದು ಒಂದೇ ಎಳೆ.

"ಒಂದೇ ಸಾಕು ಕಣಮ್ಮ," ಅಂದರು ವೇಣುಗೋಪಾಲ್ ಸಾರ್. ಆ ಕಡೆಗೊಂದು, ಈ ಕಡೆಗೊಂದು ಟ್ರಾನ್ಸೀವರ್ ಮಾಡ್ಯೂಲ್ ಬೇಕು. ಹೆಬ್ಬೆರಳಷ್ಟೇ ಗಾತ್ರ. ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆಯ ಬಾಯಿಗೆ ತಳ್ಳಿದರೆ ಕರೆಂಟಿನ ಮಾತನ್ನು ಬೆಳಕಾಗಿಸಿ ಎಳೆಯೊಳಗೆ ಕಳಿಸುತ್ತದೆ, ಅಲ್ಲಿಂದ ಬಂದ ಬೆಳಕನ್ನು ಮತ್ತೆ ಕರೆಂಟಾಗಿಸುತ್ತದೆ. ಎಷ್ಟು ಚೆಂದ! ಗಣಿ ಮುಚ್ಚಿದ ನೆಲದೊಳಗೆ ಮತ್ತೆ ಬೆಳಕು ಓಡುತ್ತದೆ.

ಸಾರ್ ತಂಗಿಯ ಮದುವೆಗೆ ರಜೆ. ಆರ್ಡರ್ ಕೆಲಸ ನನ್ನದು. ಚೀಟಿ ಕೊಟ್ಟು ಹೋದರು — ನೀಲಿ ಹಿಡಿಕೆಯದು ಒಂದು, ಹಳದಿ ಹಿಡಿಕೆಯದು ಒಂದು.

ಫೆಬ್ರವರಿ 5, ಬುಧವಾರ

ಎರಡು ಬಣ್ಣ ಯಾಕೆ? ನೀಲಿ ದೊಡ್ಡ ಕ್ಯಾಂಪಸ್ಸಿಗೆ, ಹಳದಿ ಶಾಖೆಗೆ ಎಂದು ಚೀಟಿಯಲ್ಲೇ ಇದೆ. ಓದುತ್ತಿದ್ದಂತೆ ಮೈ ಉರಿಯಿತು. ಇದರಲ್ಲೂ! ಆ ಹುಡುಗಿಯರಿಗೆ ಇದರಲ್ಲೂ ಬೇರೆ ಪಂಕ್ತಿ!

ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದೆ. ಎರಡೂ ನೀಲಿ ಕಳಿಸಿ, ಅಂದೆ.

"ಮೇಡಂ, ಅದು ಜೋಡಿ ಬರೋದು..."

"ಜೋಡಿಯೇ ಕೇಳ್ತಿರೋದು. ಎರಡೂ ಒಂದೇ ಥರ ಇರ್ಬೇಕು. ಭೇದಭಾವ ಬೇಡ."

"ಭೇದಭಾವ?" ಅಂದರು ಅಂಗಡಿಯವರು. "ಸರಿ ಮೇಡಂ. ನಿಮ್ಮಿಷ್ಟ."

ಗೆದ್ದೆ.

ಫೆಬ್ರವರಿ 11, ಮಂಗಳವಾರ

ಬಂತು. ಎರಡೂ ನೀಲಿ. ಒಂದನ್ನು ದೊಡ್ಡ ಕ್ಯಾಂಪಸ್ಸಿನಲ್ಲಿ ಹಾಕಿದೆ, ಇನ್ನೊಂದನ್ನು ಶಾಖೆಯಲ್ಲಿ. ಲಿಖಿತ ಮತ್ತು ಅವಳ ಗೆಳತಿಯರು ಸುತ್ತ ನಿಂತು ನೋಡಿದರು. ಸಣ್ಣ ಭಾಷಣವನ್ನೂ ಮಾಡಿದೆ.

ಸಂಪರ್ಕ ಸಿಕ್ಕರೆ ಸ್ವಿಚ್ಚಿನಲ್ಲಿ ಹತ್ತಬೇಕಾದ ಹಸಿರು ದೀಪ ಹತ್ತಲಿಲ್ಲ. ತೆಗೆದು ಹಾಕಿದೆ. ತುದಿ ಒರೆಸಿದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಇಲ್ಲ.

ಎಲೆಕ್ಟ್ರಿಷಿಯನ್ ರಾಜ್‌ಕುಮಾರ್ ಅಣ್ಣ ತಲೆ ಆಡಿಸಿದ. "ಕೇಬಲ್ ಸತ್ತೋಯ್ತು ಮಾ. ಈ ನೆಲದಲ್ಲಿ ಏನೂ ಬಾಳಲ್ಲ. ಬುಟ್‌ಬುಡು."

ಕಲ್ಪನ ಮೇಡಂಗೂ ಅದೇ ಸುದ್ದಿ ಹೋಗಿದೆ. ನಾಳೆ ನಿರ್ಧಾರವಂತೆ.

ಈ ನೆಲವನ್ನು ಬೈದರೆ ನನಗಾಗುವುದಿಲ್ಲ. ಕೇಬಲ್ ಬದುಕಿದೆ ಎಂದು ತೋರಿಸಿಯೇ ತೀರುತ್ತೇನೆ.

ಫೆಬ್ರವರಿ 12, ಬುಧವಾರ

ತೋರಿಸಿದೆ. ತೋರಿಸಬಾರದಿತ್ತು ಅನ್ನಿಸಿತು.

ಕೆಂಪು ಲೈಟಿನ ಪೆನ್ನು ಇದೆ, ಫೈಬರ್ ಪರೀಕ್ಷೆ ಮಾಡುವುದು. ಮಾಡ್ಯೂಲ್ ಕಳಚಿ, ದೊಡ್ಡ ಕ್ಯಾಂಪಸ್ಸಿನ ತುದಿಗೆ ಅದನ್ನು ಚುಚ್ಚಿದೆ. ರಾಜ್‌ಕುಮಾರ್ ಅಣ್ಣ ಶಾಖೆಯಲ್ಲಿ ಇನ್ನೊಂದು ತುದಿಯನ್ನು ಬಿಳಿ ಕಾಗದದತ್ತ ಹಿಡಿದ. ಫೋನಿನಲ್ಲಿ ಕೂಗಿದ: "ಐಯೋ, ಬಂತು ಮಾ! ಕುಂಕುಮ ಇಟ್ಟಂಗೆ!"

ಕೇಬಲ್ ಜೀವಂತ. ಹಾಗಾದರೆ ತಪ್ಪೆಲ್ಲಿ?

ಆಗ ಮಾಡ್ಯೂಲಿನ ಮೈ ಮೇಲಿನ ಸಣ್ಣಕ್ಷರ ಓದಿದೆ. ಎಳೆ ಒಂದೇ ಆದ್ದರಿಂದ ಹೋಗುವ ಬೆಳಕು ಒಂದು ಬಗೆ, ಬರುವ ಬೆಳಕು ಇನ್ನೊಂದು. ನೀಲಿ ಒಂದರಲ್ಲಿ ಮಾತಾಡುತ್ತದೆ, ಇನ್ನೊಂದನ್ನು ಕೇಳಿಸಿಕೊಳ್ಳುತ್ತದೆ. ಹಳದಿ ಅದಕ್ಕೆ ತಿರುವುಮುರುವು. ನಾನು ಎರಡೂ ಕಡೆ ನೀಲಿ ಹಾಕಿದ್ದೇನೆ. ಇಬ್ಬರೂ ಒಂದೇ ಬೆಳಕಿನಲ್ಲಿ ಮಾತಾಡುತ್ತಿದ್ದಾರೆ. ಇಬ್ಬರೂ ಇನ್ನೊಂದಕ್ಕೆ ಕಾಯುತ್ತಿದ್ದಾರೆ.

ಕೀಳು ಮಾಡ್ಯೂಲ್ ಅಲ್ಲ ಅದು. ಜೊತೆಗಾರ.

ಸುಮ್ಮನಿದ್ದರೆ ಆರೋಪ ಕೇಬಲ್ ಮೇಲೇ ಉಳಿಯುತ್ತಿತ್ತು. ಲಿಖಿತಳ ಕೈ ನೆನಪಾಯಿತು. ಕಲ್ಪನ ಮೇಡಂ ಕೋಣೆಗೆ ನೇರ ಹೋದೆ. ಕೇಬಲ್ ಚೆನ್ನಾಗಿದೆ, ಆರ್ಡರ್ ಕೆಡಿಸಿದವಳು ನಾನು, ಅಂದೆ.

"ಯಾಕೆ ಹಾಗೆ ಮಾಡಿದೆ?"

"ಶಾಖೆಗೆ ಕಡಿಮೆಯದು ಕೊಡ್ತಿದೀರಿ ಅಂದ್ಕೊಂಡೆ ಮೇಡಂ."

"ಹಾಗಂದ್ಕೊಳ್ಳೋ ಹಾಗೆ ನಾವೇ ಇಟ್ಟಿದೀವಿ, ಅಲ್ವಾ?" ಅಂದರು. ಶುಕ್ರವಾರದವರೆಗೆ ಟೈಮ್ ಕೊಟ್ಟರು.

ಫೆಬ್ರವರಿ 13, ಗುರುವಾರ. ವಾಪಸ್ ರೈಲಿನಲ್ಲಿ

ಒಂದು ನೀಲಿ ಹಿಡಿದು ಬೆಂಗಳೂರಿಗೆ ಹೋದೆ. ಅಂಗಡಿಯವರು ದನಿಯಲ್ಲೇ ಗುರುತಿಸಿದರು.

"ಓ, ಭೇದಭಾವ ಮೇಡಂ!"

ಇಡೀ ಅಂಗಡಿ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಬದಲಿಸಿ ಕೊಟ್ಟರು. ಹಳದಿ ಈಗ ನನ್ನ ಅಂಗೈಯಲ್ಲಿದೆ. ಚೀಲದಲ್ಲಿಡಲು ಮನಸ್ಸಿಲ್ಲ.

ಫೆಬ್ರವರಿ 14, ಶುಕ್ರವಾರ

ಬಂತು! ಶಾಖೆಯಲ್ಲಿ ಹಳದಿ ತಳ್ಳಿದೆ, ಟಿಕ್ ಅಂತು, ಹಸಿರು ದೀಪ. ಹುಡುಗಿಯರ ಕೂಗಿಗೆ ಗಣಿ ತ್ಯಾಜ್ಯದ ಸೈನೈಡ್ ಗುಡ್ಡವೇ ತಿರುಗಿ ನೋಡಿರಬೇಕು. ರಾಜ್‌ಕುಮಾರ್ ಅಣ್ಣ ಎಲ್ಲರಿಗೂ ಟೀ ತರಿಸಿದ. "ನೆಲ ಒಳ್ಳೇದೇ ಮಾ," ಅಂದ, ತಾನೇ ಗೆದ್ದವನ ಹಾಗೆ.

ಭಾಷಣ ಮಾಡಲಿಲ್ಲ. ದೀಪವೇ ಮಾತಾಡುತ್ತಿತ್ತು.

ಫೆಬ್ರವರಿ 17, ಸೋಮವಾರ

ವೇಣುಗೋಪಾಲ್ ಸಾರ್ ಮದುವೆಯಿಂದ ಬಂದರು. ಕಥೆ ಕೇಳಿ ಲಡ್ಡು ಕೊಟ್ಟರು. ಎರಡು.

"ನೋಡಮ್ಮ, ಎರಡೂ ಒಂದೇ ಥರ ಇದಾವೆ. ಧೈರ್ಯವಾಗಿ ತಿನ್ನು."

ಫೆಬ್ರವರಿ 20, ಗುರುವಾರ. ಶಾಖೆಯಲ್ಲಿ

ಪರೀಕ್ಷೆ ನಡೆಯುತ್ತಿದೆ. ನಾನು ಹೊರಗೆ, ಸ್ವಿಚ್ ಪೆಟ್ಟಿಗೆ ಪಕ್ಕ, ಸ್ಟೂಲಿನ ಮೇಲೆ. ಹಸಿರು ದೀಪ ಪಟಪಟ ಬಡಿಯುತ್ತಿದೆ. ಒಂದೊಂದು ಬಡಿತದಲ್ಲೂ ಯಾವಳೋ ಒಬ್ಬಳ ಉತ್ತರ ನೆಲದೊಳಗೆ ಓಡುತ್ತಿದೆ. ಈ ಊರಿನ ನೆಲದಿಂದ ಏನೇನೋ ಅಗೆದು ಹೊರಗೆ ಕಳಿಸಿದರು. ಇದನ್ನು ಕಳಿಸುತ್ತಿರುವವರು ನಾವು.

ಲಿಖಿತ ಮೊದಲು ಹೊರಬಂದಳು. ಹಣೆಯೆಲ್ಲ ಬೆವರು.

"ಒಂದ್ಸಲಾನೂ ನೆಟ್ ನಿಲ್ಲಲಿಲ್ಲ ಅಕ್ಕ! ಫ್ಯಾನ್ ಮಾತ್ರ ತಿರುಗ್ಲೇ ಇಲ್ಲ." ಅಜ್ಜಿಗೆ ಊಟ ಹಾಕಬೇಕೆಂದು ಆಗಲೇ ಓಡಿದಳು. ಗೇಟಿನಿಂದ ಕಾಣುತ್ತದೆ ಅವಳ ಮನೆ.

ಫ್ಯಾನು. ದೊಡ್ಡ ಕ್ಯಾಂಪಸ್ಸಿನಲ್ಲಿ ಹೋದ ತಿಂಗಳು ಹೊಸದು ಹಾಕಿದರು. ಫ್ಯಾನಿಗೆ ಜೊತೆಗಾರ ಬೇಕಿಲ್ಲ, ಇದನ್ನು ಸರಿಯಾಗಿ ಓದಿಯೇ ಹೇಳುತ್ತಿದ್ದೇನೆ. ಕಲ್ಪನ ಮೇಡಂ ಗೇಟಿನ ಹತ್ತಿರ ಕಾರಿಂದ ಇಳಿಯುತ್ತಿದ್ದಾರೆ. ಈಗಲೇ ಕೇಳುತ್ತೇನೆ. ಫ್ಯಾನ್ ಮಾತ್ರ ಎರಡೂ ಕಡೆ ಒಂದೇ ಥರ ಇರಬೇಕು.