ಅಮ್ಮನ ಸೀರೆಯ ನೆರಿಗೆ

“ಈ ಸೀರೆಗೆ ಕತ್ತರಿ ಹಾಕಲು ಮನಸ್ಸಾದರೂ ಹೇಗೆ ಬಂತು?” ಯಾರೂ ಇಲ್ಲದ ಮನೆಯಲ್ಲಿ ಜೋರಾಗಿಯೇ ಕೇಳಿಬಿಟ್ಟೆ, ಮೇದಿನಿ.

ನೀನು ಆಫೀಸಿಗೆ ಹೋದ ಮೇಲೆ ಟ್ರಂಕು ತೆರೆದೆ. ನನ್ನ ಅಮ್ಮನ ಕುಂಕುಮ ಬಣ್ಣದ ಸೀರೆಯಲ್ಲಿ ಸೆರಗೊಂದೇ ಉಳಿದಿತ್ತು. ಮಿಕ್ಕದ್ದು ಇಳಾಳ ನಾಟ್ಯದ ಉಡುಪಿನ ಮುಂದೆ ಬರುವ ನೆರಿಗೆಯ ಬೀಸಣಿಗೆಗೆಂದು ಮೇಜಿನ ಮೇಲೆ ಬಿದ್ದಿತ್ತು. “ನೀವು ಉಡೋದೇ ಇಲ್ವಲ್ಲಮ್ಮಾ” ಅನ್ನುತ್ತೀ, ಗೊತ್ತು. ಕಾವ್ಯವಾಚನ ಮುಗಿಯುವ ಮಂಗಳದ ದಿನ ಮಾತ್ರ ಉಡುವ ಮಡಿ ಸೀರೆ ಅದು. ವರ್ಷಕ್ಕೊಮ್ಮೆ ಉಡುವುದೆಂದರೆ ಬೇಡವಾದದ್ದು ಎಂದಲ್ಲ.

ಸೆಕ್ಟರ್ ನಾಲ್ಕರ ದರ್ಜಿ ಭಯ್ಯಾ ನೆರಿಗೆ ಹಿಡಿಯಲು ಒಪ್ಪಲಿಲ್ಲವಂತೆ. ಇವತ್ತು ಸಂಜೆ ಕುಣಿಯುವ ಮೊಮ್ಮಗಳದೇನೂ ತಪ್ಪಿಲ್ಲ, ಅರ್ಧ ನಾನೇ ಹಿಡಿದಿಟ್ಟಿದ್ದೇನೆ. ಉಳಿದದ್ದು ಮಧ್ಯಾಹ್ನ ಬಂದ ಮೇಲೆ ನೀನು ಮಾಡು. ಫೋರ್ಕಿನ ಹಲ್ಲುಗಳ ನಡುವೆ ಬಟ್ಟೆಯ ಅಂಚನ್ನು ತೂರಿಸಿ ಒಂದು ಸುತ್ತು ತಿರುಗಿಸು. ಮಡಿಕೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಫೋರ್ಕನ್ನು ಎಳೆದು, ಗುಂಡುಸೂಜಿ ಚುಚ್ಚು. ಎಲ್ಲ ನೆರಿಗೆಯೂ ಒಂದೇ ಅಗಲ ಬರುತ್ತದೆ. ಆಮೇಲೆ ಮೇಲಂಚಿಗೆ ಕೈಹೊಲಿಗೆ ಹಾಕು. ಹಳೆಯ ಪಂಚೆ ಹೊದಿಸಿ ಇಸ್ತ್ರಿ ಮಾಡು, ಜರಿಗೆ ನೇರ ಬಿಸಿ ತಾಗಿಸಬೇಡ. ಅಷ್ಟಾದರೂ ಉಳಿಯಲಿ.

ಹುಳಿ ಮಾಡಿದ್ದೇನೆ. ಹಸಿದುಕೊಂಡು ಹೊಲಿಯಲು ಕೂರಬೇಡ.

ಮಂಗಳ ಇವತ್ತೇ. ವಾಚನ ಕೇಳಲು ಕರೋಲ್‌ಬಾಗಿನ ಬಸ್ಸು ಹಿಡಿಯಬೇಕು. ಈ ಚೀಟಿ ಬರೆದಿಟ್ಟು ಹತ್ತಿಯ ಸೀರೆಯಲ್ಲೇ ಹೊರಟಿದ್ದೇನೆ.

ಫ್ರಿಜ್ಜಿನ ಮೇಲೆ ನೀನು ಅಂಟಿಸಿದ್ದನ್ನೂ ಓದಿದೆ: “ಅಮ್ಮಾ, ಆ ಸೆರಗೂ ಕೊಟ್ಬಿಡಿ, ಇಳಾಗೆ ಬ್ಲೌಸ್ ಆಗತ್ತೆ.”

ಸೆರಗು ನನ್ನ ಚೀಲದಲ್ಲಿದೆ. ಕೊಡುವುದಿಲ್ಲ.