ಜೀವಕೋಶದೊಳಗಿನ ಫ್ಯಾನು

ಜುಲೈ 8, ಸೋಮವಾರ
ಗಾಳಿ ಸೆಕೆಂಡಿಗೆ ಹದಿನೈದು ಮೀಟರ್. ಹೊಸದುರ್ಗದ ಗುಡ್ಡದ ಮೇಲೆ ಕರೆಂಟ್ ಮಾಡುವ ಏಳನೇ ನಂಬರ್ ಗಾಳಿ ಫ್ಯಾನಿಗೆ ಗ್ರೀಸ್ ಹಾಕಬೇಕಿತ್ತು. ಅಷ್ಟು ಗಾಳಿಗೆ ಹತ್ತುವ ಹಾಗಿರಲಿಲ್ಲ. ಹದಿನಾರು ವರ್ಷದಿಂದ ಜೊತೆಗೆ ಟವರ್ ಹತ್ತುವ ಕಾಟಲಿಂಗಪ್ಪನೂ ನಾನೂ ಜೀಪಿನಲ್ಲೇ ಬುತ್ತಿ ಉಂಡು ಬಂದೆವು.

ಮನೆಗೆ ಬಂದರೆ ಮಗಳು ಸುಚಿತ್ರಾ ಒಂದು ಫಾರ್ಮ್ ಮುಂದಿಟ್ಟಳು. ಸೈನ್ಸ್ ಬಿಟ್ಟು ಆರ್ಟ್ಸ್ ಸೇರುತ್ತಾಳಂತೆ. ಫಸ್ಟ್ ಪಿಯುಸಿ ಸೇರಿ ತಿಂಗಳಾಗಿದೆ ಅಷ್ಟೇ. ಹದಿನೈದು ಕೊನೇ ದಿನ, ತಂದೆಯ ಸಹಿ ಬೇಕು. ನನಗೆ ಓದಲಾಗಲಿಲ್ಲ, ಇವಳಾದರೂ ಓದಲಿ ಎಂದು ನಾನೇ ಸೈನ್ಸಿಗೆ ಹಾಕಿದ್ದು. ನೋಡೋಣ ಎಂದೆ. ಸಹಿ ಹಾಕಲಿಲ್ಲ.

ಜುಲೈ 9
ಇವತ್ತೂ ಗಾಳಿ. ಅಂಥ ಕಷ್ಟ ಏನಿದೆ ಎಂದು ಅವಳ ಬಯಾಲಜಿ ಪುಸ್ತಕ ಸೈಟಿಗೆ ಒಯ್ದಿದ್ದೆ. ಇಂಗ್ಲಿಷ್. ಪುಟಕ್ಕೆ ಅರ್ಧ ಗಂಟೆ... ಒಂದು ಚಿತ್ರ ನೋಡಿ ಕೈ ನಿಂತಿತು. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಚೀಲ, ಅದರ ಪೊರೆಯಲ್ಲಿ ನೆಟ್ಟ ಯಂತ್ರ. ನಡುವೆ ದಂಡ, ತುದಿಗೆ ಗುಂಡು ತಲೆ. ತಿರುಗುತ್ತದಂತೆ. ನಮ್ಮ ಮೈಯ ಬಹುಪಾಲು ಕೋಶಗಳಲ್ಲೂ ಇದೆಯಂತೆ. ಕಾಟಲಿಂಗಪ್ಪನಿಗೆ ತೋರಿಸಿದೆ.

"ಇದಕ್ಕೆ ಗ್ರೀಸ್ ಹಾಕೋರು ಯಾರಪ್ಪ?" ಎಂದ.

ಜುಲೈ 10, ಸಂಜೆ
ಅವಳಿಗೆ ನಾನೇ ಪಾಠ ಹೇಳಲು ಹೋದೆ. ಗಾಳಿ ಸಾಲದಾಗ ನಮ್ಮ ಹಳೇ ಫ್ಯಾನುಗಳು ಲೈನಿನ ಕರೆಂಟನ್ನೇ ತಿಂದು ತಿರುಗುತ್ತವೆ. ಹಾಗೇ ಇದೂ ಮೈಗೆ ಶಕ್ತಿ ಕೊಡುವ ಎಟಿಪಿಯನ್ನು ತಿಂದು ಪ್ರೋಟಾನುಗಳನ್ನು ಪೊರೆಯಾಚೆ ತಳ್ಳುತ್ತದೆ ಎಂದೆ.

"ಉಲ್ಟಾ ಹೇಳ್ತಿದೀಯಪ್ಪ." ಪುಸ್ತಕ ಕಿತ್ತುಕೊಂಡಳು. ಕಾಲೇಜಿನಲ್ಲಿ ಇನ್ನೂ ಆ ಪಾಠ ಆಗಿಲ್ಲ. ಎರಡು ಸಲ ಓದಿದಳು, ಅಷ್ಟೇ.

"ನಾವು ಉಂಡಿದ್ರಾಗಿಂದ ಎಲೆಕ್ಟ್ರಾನ್ ಬರ್ತವೆ. ಪೊರೆಯಾಗೆ ಪಂಪುಗಳು ಅವೆ. ಎಲೆಕ್ಟ್ರಾನು ಅವನ್ನ ದಾಟ್ಕಂತ ಹೋಗಿ ಕೊನೇಗೆ ಆಕ್ಸಿಜನ್ ಸೇರ್ತವೆ. ನಾವು ಉಸಿರಾಡದು ಅದಕ್ಕೇನೆ. ಆ ಜೋರಿಗೆ ಪಂಪು ಪ್ರೋಟಾನ್ನ ಆಚೆ ನೂಕ್ತವೆ. ಆಚೆ ಗಿಜಿಗಿಜಿ, ಈಚೆ ಖಾಲಿ. ವಾಪಸ್ ಬರಾಕೆ ನೋಡ್ತವೆ, ಪೊರೆ ಬಿಡಲ್ಲ. ಒಂದು ಬಾಗ್ಲು ಐತೆ, ಅದೇ ನಿನ್ ಫ್ಯಾನು. ಅದನ್ನ ತಿರುಗಿಸ್ಕಂಡೇ ಒಳಗ್ ಬರ್ಬೇಕು. ತಿರುಗಿದಂಗೆಲ್ಲ ಎಟಿಪಿ ತಯಾರು. ನಮ್ ಶಕ್ತಿ ಅದೇ."

ಬೆರಗಾದೆ. ಯಂತ್ರಕ್ಕೂ, ಅವಳಿಗೂ.

"ಇಷ್ಟು ಚೆಂದ ಹೇಳ್ತೀಯ, ಯಾಕವ್ವ ಬಿಡ್ತೀಯ?"

"ತಿಳಿಯಲ್ಲ ಅಂತ ಬಿಡ್ತಿಲ್ಲಪ್ಪ. ನಾನು ಹಿಸ್ಟರಿ ಟೀಚರ್ ಆಗ್ಬೇಕು. ನೀನು ಕೇಳ್ಲೇ ಇಲ್ಲ."

ಹೌದು. ಕೇಳಿರಲಿಲ್ಲ.

ಜುಲೈ 13
ಗಾಳಿ ಇಳಿದಿತ್ತು. ಹತ್ತಿದೆ. ಐವತ್ತು ಮೀಟರ್ ಏಣಿ. ಒಂದೊಂದು ಮೆಟ್ಟಿಲಿಗೂ ತೊಡೆಯೊಳಗೆ ಎಷ್ಟು ಕೋಟಿ ಫ್ಯಾನು ತಿರುಗಿದವೋ. ದಿನಕ್ಕೆ ಹೆಚ್ಚುಕಡಿಮೆ ನಮ್ಮ ತೂಕದಷ್ಟು ಎಟಿಪಿ ಮಾಡುತ್ತವಂತೆ. ಇರುವ ಚೂರನ್ನೇ ಮುಗಿಸುವುದು, ಮತ್ತೆ ಮಾಡುವುದು. ನಾವು ಹನ್ನೆರಡು ಫ್ಯಾನಿಗೆ ಜೀಪು, ಆಫೀಸು, ಇಬ್ಬರು ಆಳು ಇಟ್ಟುಕೊಂಡು ಏಗುತ್ತೇವೆ. ತುದಿಯಲ್ಲಿ ಏದುಸಿರು ಬಿಡುತ್ತಾ ಒಬ್ಬನೇ ನಕ್ಕೆ.

ಮನೆಗೆ ಬಂದು ಫಾರ್ಮಿಗೆ ಸಹಿ ಹಾಕಿದೆ. ಸಂಕಟವಾಯಿತು, ಸುಳ್ಳು ಯಾಕೆ.

ಜುಲೈ 15, ಸಂಜೆ
ಫಾರ್ಮ್ ಕೊಟ್ಟು ಬಂದಳು. ನಾನು ಹೇಳಿದ್ದನ್ನು ಬಯಾಲಜಿ ಸರ್ ಹತ್ತಿರ ಕೇಳಿದಳಂತೆ. ಪೂರ್ತಿ ತಪ್ಪಲ್ಲವಂತೆ. ಆಚೆ ಪ್ರೋಟಾನು ಕಡಿಮೆಯಾದರೆ ಆ ಯಂತ್ರವೂ ಎಟಿಪಿ ತಿಂದು, ಹಿಂದಕ್ಕೆ ತಿರುಗಿ, ಪ್ರೋಟಾನುಗಳನ್ನು ಆಚೆ ತಳ್ಳುತ್ತದಂತೆ — ಕರೆಂಟ್ ತಿನ್ನುವ ನಮ್ಮ ಹಳೇ ಫ್ಯಾನಿನ ಹಾಗೇ.

"ನಿಮ್ಮಪ್ಪ ಏನ್ ಓದ್ತಿದಾರೆ ಅಂತ ಕೇಳಿದ್ರು ಸರ್ರು."

"ಏನಂದೆ?"

ಬಯಾಲಜಿ ಪುಸ್ತಕ ಕೈಗಿಟ್ಟು ಒಳಗೆ ಹೋದಳು. ಮೊದಲ ಪುಟದಲ್ಲಿ ಅವಳ ಹೆಸರಿಗೆ ಗೀಟು. ಕೆಳಗೆ ಅವಳದೇ ಅಕ್ಷರದಲ್ಲಿ ನನ್ನ ಹೆಸರು: ರಾಜಕುಮಾರ್, ಫಸ್ಟ್ ಪಿಯುಸಿ, ಸೈನ್ಸ್.



ಈಗ ಎಲೆಯ ಪಾಠ ತೆಗೆದಿದ್ದೇನೆ. ಎಲೆಯೊಳಗೂ ಇಂಥದೇ ಫ್ಯಾನು. ಅಲ್ಲಿ ಪಂಪು ನಡೆಸುವುದು ಬಿಸಿಲು. ಅಂದರೆ ನಾನು ಮಧ್ಯಾಹ್ನ ಉಂಡ ರಾಗಿಯೂ ಮೊದಲು ಬಿಸಿಲೇ —