ಹೊರಗಿನ ಚಿಲಕ

ಮನೆಯಿಂದ,
ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಮಗ ಗೋಡೆ ಹಿಡಿದು ನಡೆಯುತ್ತಾನೆಂದು ನೀನು ಬರೆದದ್ದನ್ನು ನಿನ್ನ ಅಪ್ಪ ಬೀದಿಗೆಲ್ಲ ಡಂಗುರ ಸಾರಿದರು. ನನ್ನ ಮಂಡಿ ಹಾಗೇ ಇದೆ. ಹೇಳಿದ ಮಾತು ಕೇಳುವುದಿಲ್ಲ, ನಿನ್ನ ಅಪ್ಪನ ಹಾಗೆ.

ಹೋದ ವಾರ ಶಾಲೆಯವರು ಅವರನ್ನು ಮತ್ತೆ ಕರೆದಿದ್ದರು. ನೌಕಾಪಡೆಯವರು ಕೊಟ್ಟ ಪದಕವನ್ನು ನಾನೇ ತಿಕ್ಕಿ ಫಳಫಳ ಮಾಡಿಕೊಟ್ಟೆ. ಯುದ್ಧದಲ್ಲಿ ಹಡಗಿಗೆ ಬೆಂಕಿ ಬಿದ್ದಾಗ ಏನು ಮಾಡಿದಿರಿ ಎಂದು ಮಕ್ಕಳು ಕೇಳಿದರೆ ಅದೇ ಹಳೆಯ ಉತ್ತರ: ‘ಏನಿಲ್ಲಪ್ಪ, ಬಾಗಿಲು ಹಾಕ್ದೆ, ಅಷ್ಟೇ.’ ಎಂಥ ವಿನಯ ಎಂದು ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು. ಹಡಗಿನಲ್ಲಿ ಹೊಗೆ ಕಂಡರೆ ಉಕ್ಕಿನ ಬಾಗಿಲನ್ನು ಹೊರಗಿನಿಂದ ಬಿಗಿದುಬಿಡಬೇಕಂತೆ. ಬೆಂಕಿ ಉಸಿರುಕಟ್ಟಿ ಆರುವವರೆಗೆ ತೆಗೆಯಬಾರದಂತೆ, ಯಾರು ಬಡಿದರೂ. ಯಾರು ಬಡಿದರೆಂದು ಅವರು ಮಕ್ಕಳಿಗೆ ಹೇಳುವುದಿಲ್ಲ. ನನಗೂ ಇಷ್ಟು ವರ್ಷ ಹೇಳಿರಲಿಲ್ಲ.

ಮೊನ್ನೆ ಹಾಲು ಉಕ್ಕಿ, ಸೀದು, ಅಡುಗೆಮನೆ ತುಂಬ ಹೊಗೆಯಾಯಿತು. ಕಿಟಕಿ ತೆಗೆಯಲು ತಿರುಗುವಷ್ಟರಲ್ಲಿ ಹಿಂದೆ ಬಾಗಿಲು ಮುಚ್ಚಿತು, ಚಿಲಕವೂ ಬಿತ್ತು. ಒಲೆ ಆರಿಸಿ, ಕೆಮ್ಮುತ್ತ ಬಾಗಿಲು ಬಡಿದೆ. ನಾನು ಕಣ್ರೀ, ನಾನು ಅಂದೆ. ಅವರು ಆಚೆಯೇ ನಿಂತಿದ್ದರು, ಉಸಿರು ಕೇಳುತ್ತಿತ್ತು. ‘ಗೊತ್ತು. ಬಡೀಬೇಡ, ತೆಗೆಯೋ ಹಾಗಿಲ್ಲ’ ಅಂದರು, ಚಿಕ್ಕವಳಿದ್ದಾಗ ನಿನ್ನನ್ನು ತೂಗಿ ಮಲಗಿಸುತ್ತಿದ್ದ ಅದೇ ಮೆತ್ತನೆಯ ದನಿಯಲ್ಲಿ. ಕೊನೆಗೆ ನನ್ನ ಕೂಗು ಕೇಳಿ ಪಕ್ಕದ ಮನೆಯ ದರ್ಜಿ ಓಡಿಬಂದು ತೆಗೆದ. ನನಗೆ ಭಯವಾಯಿತು, ಗುಬ್ಬೀ. ಆ ಸಂಜೆ ಅವರಾಗಿಯೇ ಹೇಳಿದರು: ಆವತ್ತು ಹಡಗಿನಲ್ಲಿ ಬಾಗಿಲ ಒಳಗಿದ್ದವರೂ ಇವರ ಹೆಸರು ಹಿಡಿದೇ ಕೂಗುತ್ತಿದ್ದರಂತೆ.

ದರ್ಜಿಯನ್ನೇ ಬೇಡಿಕೊಂಡು ಒಳಬಾಗಿಲುಗಳ ಚಿಲಕಗಳನ್ನೆಲ್ಲ ಕೀಳಿಸಿದ್ದೇನೆ. ಈಗ ನೀನೂ ಮಗುವೂ ಬರುವ ಸಂಭ್ರಮದಲ್ಲಿ ಅವರು ಎಲ್ಲ ಮರೆತಂತಿದೆ. ಮೊಮ್ಮಗನಿಗೆಂದು ಚಿಕ್ಕ ಕೋಣೆಗೆ ತಾವೇ ಬಣ್ಣ ಬಳಿಯುತ್ತಿದ್ದಾರೆ, ಮೂಗಿನ ಮೇಲೂ ಒಂದಿಷ್ಟು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗುವಿಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣಗಿರು.

ನಿನ್ನ ಅಮ್ಮ

ಮತ್ತೆ: ಲಕೋಟೆಗೆ ಅಂಟು ಹುಡುಕಲು ಎದ್ದವಳು ಚಿಕ್ಕ ಕೋಣೆಗೆ ಇಣುಕಿದೆ. ಬಣ್ಣ ಚೆನ್ನಾಗಿದೆ. ಬಾಗಿಲಿಗೆ ಹೊಸ ಚಿಲಕ ಜಡಿದಿದ್ದಾರೆ, ಮೇಲೊಂದು, ಕೆಳಗೊಂದು, ಎರಡೂ ಹೊರಗಡೆಗೆ. ಕೇಳಿದರೆ ‘ಮಗು ಇರೋ ಮನೆ, ಹುಷಾರಾಗಿರಬೇಡ್ವಾ?’ ಎಂದು ನಕ್ಕರು. ಮಗುವಿಗೆ ಜ್ವರವೆಂದು ಅಪ್ಪನಿಗೆ ಬೇರೆ ಕಾಗದ ಹಾಕು. ಬರಬೇಡ ಮಗಳೇ.